ಕಾದಂಬರಿಯ ಋಣ, ಚಿತ್ರದ ಸ್ವಾಯತ್ತತೆ: ‘ನಾಗರಹಾವು’ ಮತ್ತು ಕನ್ನಡದ ಕೆಲವು ರೂಪಾಂತರಗಳು

1. ಪ್ರಸ್ತಾವನೆ

ಜನಪ್ರಿಯ ಕಾದಂಬರಿಯೊಂದು ಚಲನಚಿತ್ರವಾದಾಗಲೆಲ್ಲ ಕನ್ನಡದಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕೇಳಿಬರುತ್ತವೆ. ಕಾದಂಬರಿಯನ್ನು ಮೊದಲೇ ಓದಿದವರು ‘ಪುಸ್ತಕದಲ್ಲಿ ಇದ್ದದ್ದು ಚಿತ್ರದಲ್ಲಿಲ್ಲ’ ಎನ್ನುತ್ತಾರೆ. ಚಿತ್ರವನ್ನು ಮೆಚ್ಚಿದವರು ‘ಚಿತ್ರವನ್ನು ಚಿತ್ರವಾಗಿಯೇ ನೋಡಬೇಕು, ಪುಸ್ತಕದ ಮಾತು ಬೇಡ’ ಎನ್ನುತ್ತಾರೆ. ಮೊದಲನೆಯ ನಿಲುವು ನಿಷ್ಠೆಯನ್ನು ಏಕೈಕ ಮಾನದಂಡವಾಗಿಸುತ್ತದೆ. ಎರಡನೆಯದು ಸ್ವಾಯತ್ತತೆಯ ಹೆಸರಿನಲ್ಲಿ ಮೂಲಕೃತಿಯನ್ನು ಚರ್ಚೆಯಿಂದಲೇ ಹೊರಗಿಡುತ್ತದೆ. ಈ ಎರಡೂ ನಿಲುವುಗಳು ವಿಮರ್ಶೆಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತವೆ.

ಕನ್ನಡ ಚಲನಚಿತ್ರದ ಇತಿಹಾಸದಲ್ಲಿ ಕಾದಂಬರಿ ಆಧಾರಿತ ಚಿತ್ರಗಳ ಪಾತ್ರ ಬಹು ದೊಡ್ಡದು. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಟಿ.ಕೆ. ರಾಮರಾವ್, ಭಾರತೀಸುತ ಮೊದಲಾದವರ ಕೃತಿಗಳು ಜನಪ್ರಿಯ ಚಿತ್ರಗಳಾದರೆ, ಶಿವರಾಮ ಕಾರಂತ, ಯು.ಆರ್. ಅನಂತಮೂರ್ತಿ, ಎಸ್.ಎಲ್. ಭೈರಪ್ಪ, ಪೂರ್ಣಚಂದ್ರ ತೇಜಸ್ವಿ, ವೈದೇಹಿ ಮೊದಲಾದವರ ಕೃತಿಗಳು ಹೊಸ ಅಲೆಯ ಚಿತ್ರಗಳಿಗೆ ಆಕರವಾದವು. ಆದ್ದರಿಂದ ಪುಸ್ತಕದಿಂದ ಬಂದ ಚಿತ್ರವು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕೆ ಎಂಬ ಪ್ರಶ್ನೆ ಕನ್ನಡ ಸಾಹಿತ್ಯದ ಅಧ್ಯಯನಕ್ಕೆ ಹೊರಗಿನದಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ ಚಿತ್ರವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಚಿತ್ರವು ನೋಡುಗನ ಎದುರು ಸ್ವತಂತ್ರವಾಗಿ ನಿಲ್ಲಲೇಬೇಕು. ಹಾಗೆ ನಿಂತ ಮಾತ್ರಕ್ಕೆ ಅದು ಮೂಲದ ಋಣದಿಂದ ಬಿಡುಗಡೆ ಹೊಂದುವುದಿಲ್ಲ ಎಂಬುದು ಇಲ್ಲಿಯ ಪ್ರತಿಪಾದನೆ.

2. ಪರಂಪರೆಯಲ್ಲಿ ಮರುಕಥನ

ರೂಪಾಂತರದ ಚರ್ಚೆಯನ್ನು ಪಾಶ್ಚಾತ್ಯ ಚಿಂತಕರಿಂದ ಆರಂಭಿಸುವುದು ವಾಡಿಕೆ. 1957ರಲ್ಲಿ ಪ್ರಕಟವಾದ ಜಾರ್ಜ್ ಬ್ಲೂಸ್ಟೋನ್ ಅವರ ‘ನಾವೆಲ್ಸ್ ಇನ್‌ಟು ಫಿಲ್ಮ್’ ಗ್ರಂಥವು ಮಾಧ್ಯಮ ಬದಲಾದ ಕ್ಷಣದಿಂದಲೇ ಬದಲಾವಣೆ ಅನಿವಾರ್ಯವೆಂದು ವಾದಿಸಿತು. 2006ರಲ್ಲಿ ಬಂದ ಲಿಂಡಾ ಹಚನ್ ಅವರ ‘ಎ ಥಿಯರಿ ಆಫ್ ಅಡಾಪ್ಟೇಶನ್’ ಗ್ರಂಥವು ಮೂಲವನ್ನು ಬಲ್ಲ ನೋಡುಗ ಮತ್ತು ಮೂಲವನ್ನು ಅರಿಯದ ನೋಡುಗ ಎಂಬ ಎರಡು ವರ್ಗಗಳನ್ನು ಗುರುತಿಸಿ, ಇಬ್ಬರಿಗೂ ಸಲ್ಲುವುದೇ ಯಶಸ್ವಿ ರೂಪಾಂತರವೆಂದು ಸೂಚಿಸಿತು. ಈ ವಿವೇಚನೆಗಳು ಉಪಯುಕ್ತವಾದವು. ಆದರೆ ಕನ್ನಡದ ಓದುಗನಿಗೆ ಇದೇ ಸಮಸ್ಯೆ ಸಾವಿರ ವರ್ಷಗಳ ಹಿಂದೆಯೇ ಪರಿಚಿತವಾಗಿದೆ.

ಪಂಪನು ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ವ್ಯಾಸಭಾರತ ಅವನ ಮುಂದಿತ್ತು. ಅವನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಸಮೀಕರಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಮೂಲನಿಷ್ಠೆಯ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಆದರೆ ಆ ಬದಲಾವಣೆಗೆ ಕಾವ್ಯದ ಒಳಗೇ ಕಾರಣವಿದೆ: ಅರ್ಜುನನೇ ಕಥಾನಾಯಕನಾದ ಮೇಲೆ ಪಾತ್ರಗಳ ಸಂಬಂಧವೂ ಅದಕ್ಕೆ ತಕ್ಕಂತೆ ಹೊಂದಬೇಕಾಗುತ್ತದೆ. ರನ್ನನ ‘ಗದಾಯುದ್ಧ’ ಇನ್ನೂ ಹತ್ತಿರದ ನಿದರ್ಶನ. ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿ ಬರುವ ಪ್ರಸಂಗವನ್ನು ಹಿಗ್ಗಿಸಿ ಅವನು ಸ್ವತಂತ್ರ ಕಾವ್ಯವನ್ನಾಗಿ ಕಟ್ಟಿದನು. ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಒಳಗೆ ತಂದನು. ಪಂಪಭಾರತವನ್ನು ಓದದವನಿಗೂ ಗದಾಯುದ್ಧ ಅರ್ಥವಾಗುತ್ತದೆ. ಓದಿದವನಿಗೆ ದುರ್ಯೋಧನನ ಪಾತ್ರದಲ್ಲಿ ರನ್ನ ಮಾಡಿದ್ದೇನು ಎಂಬುದು ಹೆಚ್ಚಾಗಿ ಕಾಣುತ್ತದೆ. ಸ್ವಾಯತ್ತತೆ ಮತ್ತು ಋಣ ಒಟ್ಟಿಗೇ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹೀಗಿದ್ದರೂ ಪ್ರಾಚೀನ ಕವಿಗೂ ಇಂದಿನ ಚಿತ್ರನಿರ್ದೇಶಕನಿಗೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಮಹಾಭಾರತದ ಕಥೆ ಕೇಳುಗರಿಗೆಲ್ಲ ಗೊತ್ತಿದ್ದ ಸಮೂಹದ ಸೊತ್ತು. ಕಾದಂಬರಿಯಾದರೋ ಒಬ್ಬ ಲೇಖಕನ ಸೃಷ್ಟಿ. ಹಲವು ವೇಳೆ ಆ ಲೇಖಕ ಚಿತ್ರವನ್ನು ನೋಡಲು ಜೀವಂತವಾಗಿಯೇ ಇರುತ್ತಾನೆ. ಎರಡನೆಯದಾಗಿ, ಗದಾಯುದ್ಧದ ಕೇಳುಗನು ಮೂಲಕಥೆಯನ್ನು ಬಲ್ಲವನಾಗಿದ್ದನು. ಚಿತ್ರಮಂದಿರದ ನೋಡುಗರಲ್ಲಿ ಬಹುಪಾಲು ಮಂದಿ ಕಾದಂಬರಿಯನ್ನು ಓದಿರುವುದಿಲ್ಲ. ಮೊದಲನೆಯ ವ್ಯತ್ಯಾಸ ಋಣವನ್ನು ಹೆಚ್ಚಿಸುತ್ತದೆ. ಎರಡನೆಯದು ಸ್ವಾಯತ್ತತೆಯನ್ನು ಅನಿವಾರ್ಯಗೊಳಿಸುತ್ತದೆ. ಆಧುನಿಕ ರೂಪಾಂತರದ ಇಕ್ಕಟ್ಟು ಇರುವುದು ಈ ಎರಡರ ನಡುವೆ.

3. ನಾಗರಹಾವೋ ಕೇರೆಹಾವೋ

ಎಸ್.ಆರ್. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿ, ಎನ್. ವೀರಾಸ್ವಾಮಿ ನಿರ್ಮಿಸಿದ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. ರಾಮಾಚಾರಿಯ ಪಾತ್ರದಲ್ಲಿ ವಿಷ್ಣುವರ್ಧನ್, ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್, ಅವರ ಪತ್ನಿ ತುಂಗಾ ಆಗಿ ಲೀಲಾವತಿ, ಜಲೀಲನಾಗಿ ಅಂಬರೀಶ್ ಅಭಿನಯಿಸಿದರು. ಚಿತ್ರಕ್ಕೆ ಆಧಾರವಾದದ್ದು ತ.ರಾ.ಸು. ಅವರ ಒಂದು ಕಾದಂಬರಿಯಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳು. ನಿಷ್ಠೆಯ ಚರ್ಚೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಮೂರು ಕೃತಿಗಳು ಒಂದೇ ಚಿತ್ರವಾಗುವಾಗ ಯಾವ ಕೃತಿಗೆ ನಿಷ್ಠವಾಗಿರಬೇಕು ಎಂಬ ಪ್ರಶ್ನೆಯೇ ತೊಡಕಾಗುತ್ತದೆ. ಆಯ್ಕೆ, ಸಂಕ್ಷೇಪ, ಮರುಜೋಡಣೆಗಳಿಲ್ಲದೆ ಅಂಥ ಚಿತ್ರ ಹುಟ್ಟುವುದೇ ಸಾಧ್ಯವಿಲ್ಲ.

ಚಿತ್ರವು ಅಪಾರ ಜನಮನ್ನಣೆ ಪಡೆಯಿತು. ವಿಷ್ಣುವರ್ಧನ್ ಅವರನ್ನು ತಾರೆಯನ್ನಾಗಿ ಮಾಡಿತು. ಮುಂದೆ ಪುಟ್ಟಣ್ಣನವರೇ ಇದನ್ನು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ 1974ರಲ್ಲಿ ತೆರೆಗೆ ತಂದರು. ಬಿಡುಗಡೆಯಾಗಿ ನಾಲ್ಕೂವರೆ ದಶಕಗಳ ನಂತರ, 2018ರಲ್ಲಿ, ಕನ್ನಡ ಚಿತ್ರವು ಹೊಸ ತಂತ್ರಜ್ಞಾನದ ಸಂಸ್ಕರಣೆಯೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಕಾದಂಬರಿಯ ಪುಟವನ್ನೇ ತೆರೆಯದವರೂ ಚಾಮಯ್ಯ ಮೇಷ್ಟ್ರ ಹೆಸರನ್ನು ಬಲ್ಲರು. ಗ್ರಹಿಕೆಯ ದೃಷ್ಟಿಯಿಂದ ಈ ಚಿತ್ರ ಸ್ವತಂತ್ರವಾಗಿ ನಿಂತಿದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಲೇಖಕರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ತ.ರಾ.ಸು. ಹೇಳಿದರೆಂಬ ಮಾತು ಕನ್ನಡ ಚಿತ್ರರಂಗದ ಬಗ್ಗೆ ಬರೆದವರೆಲ್ಲ ಉಲ್ಲೇಖಿಸುವಂಥದು. ಈ ಮಾತನ್ನು ಸಾಮಾನ್ಯವಾಗಿ ಲೇಖಕನ ಮುನಿಸು ಎಂದೋ, ಎರಡು ಪ್ರತಿಭೆಗಳ ಜಗಳ ಎಂದೋ ಹೇಳಿ ಮುಗಿಸಲಾಗುತ್ತದೆ. ಅದನ್ನು ಒಂದು ವಿಮರ್ಶಾವಾಕ್ಯವೆಂದು ತೆಗೆದುಕೊಂಡರೆ ಅದರ ಖಚಿತತೆ ಗೋಚರಿಸುತ್ತದೆ. ಕೇರೆಹಾವೂ ಹಾವೇ; ಅದರ ಉದ್ದ, ಹರಿದಾಟ, ನೋಡಿದವರಲ್ಲಿ ಹುಟ್ಟಿಸುವ ಬೆಚ್ಚು ಎಲ್ಲವೂ ಇವೆ. ಇಲ್ಲದಿರುವುದು ವಿಷ ಮತ್ತು ಹೆಡೆ. ಆದ್ದರಿಂದ ಆ ಆಕ್ಷೇಪವು ಕಥೆ ಬದಲಾಯಿತೆಂಬುದಲ್ಲ, ದೃಶ್ಯಗಳು ಬಿಟ್ಟುಹೋದವೆಂಬುದೂ ಅಲ್ಲ. ಆಕಾರ ಉಳಿದು ವಿಷ ಹೋಯಿತೆಂಬುದೇ ಅದರ ತಿರುಳು. ನಿಷ್ಠೆಯ ಚರ್ಚೆ ಘಟನೆಗಳ ಲೆಕ್ಕದಲ್ಲಿ ಸಿಕ್ಕಿಕೊಂಡಿರುವಾಗ, ಲೇಖಕರ ಈ ಒಂದು ರೂಪಕ ಅದನ್ನು ಸರಿಯಾದ ಜಾಗಕ್ಕೆ ತರುತ್ತದೆ.

ಈ ಆಕ್ಷೇಪ ಎಷ್ಟರಮಟ್ಟಿಗೆ ಸಲ್ಲುತ್ತದೆ? ಕಾದಂಬರಿಯ ಗದ್ಯವು ಪಾತ್ರದ ಮನಸ್ಸಿನೊಳಗೆ ಪುಟಗಟ್ಟಲೆ ನಿಲ್ಲಬಲ್ಲದು. ಸಿಟ್ಟು, ಅವಮಾನ, ಮತ್ಸರಗಳು ಮನಸ್ಸಿನಲ್ಲಿ ಹೆಪ್ಪುಗಟ್ಟುವ ಕ್ರಮವನ್ನು ಓದುಗ ಒಳಗಿನಿಂದ ಅನುಭವಿಸುತ್ತಾನೆ. ಚಿತ್ರವು ಅದನ್ನು ಹೊರಗಿನ ಚಹರೆಯಲ್ಲಿ, ಮಾತಿನಲ್ಲಿ, ಚಲನೆಯಲ್ಲಿ, ಸ್ಥಳದಲ್ಲಿ ಕಾಣಿಸಬೇಕು. ಪುಟ್ಟಣ್ಣ ಇದಕ್ಕಾಗಿ ಚಿತ್ರದುರ್ಗದ ಕಲ್ಲುಬಂಡೆಗಳನ್ನೂ ಕೋಟೆಯನ್ನೂ ಬಳಸಿಕೊಂಡರು. ಒಂದು ಹಾಡನ್ನು ಪೂರ್ತಿಯಾಗಿ ನಿಧಾನಗತಿಯಲ್ಲಿ ಚಿತ್ರೀಕರಿಸಿದರು. ಜಯಂತಿ ಅಭಿನಯಿಸಿದ ಒನಕೆ ಓಬವ್ವನ ಪ್ರಸಂಗವನ್ನು ಹಾಡಿನ ರೂಪದಲ್ಲಿ ತಂದರು. ದುರ್ಗದ ಬಂಡೆಗಳು ಇಲ್ಲಿ ಕೇವಲ ಹಿನ್ನೆಲೆಯಲ್ಲ. ಬಾಗದ ಸ್ವಭಾವದ ಯುವಕನೊಬ್ಬನಿಗೆ ಅವು ಹೊರಗಿನ ಪ್ರತಿರೂಪ. ಇವು ಮಾಧ್ಯಮದ ಅಗತ್ಯದಿಂದ ಹುಟ್ಟಿದ ಬದಲಾವಣೆಗಳು. ಇವುಗಳ ಸಮರ್ಥನೆ ಚಿತ್ರದೊಳಗೇ ದೊರೆಯುತ್ತದೆ.

ವಿಷದ ಪ್ರಶ್ನೆ ಏಳುವುದು ಚಾಮಯ್ಯ ಮೇಷ್ಟ್ರ ಪಾತ್ರದಲ್ಲಿ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆ ತ್ಯಾಗದ ಫಲವಾಗಿ ಅವಳ ಬದುಕು ಏನಾಯಿತೆಂಬುದನ್ನು ಮುಂದೆ ಅವನೇ ಕಣ್ಣಾರೆ ಕಾಣುತ್ತಾನೆ. ಅನಂತರ ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಮೇಷ್ಟ್ರು ಅದೇ ಬಗೆಯ ಮಾತನ್ನು ಹೇಳಿದಾಗ, ನೋಡುಗನ ಮನಸ್ಸಿನಲ್ಲಿ ಅಲಮೇಲುವಿನ ಗತಿ ಇನ್ನೂ ಹಸಿಯಾಗಿರುತ್ತದೆ. ಒಳ್ಳೆಯ ಗುರುವಿನ ಒಳ್ಳೆಯ ಉದ್ದೇಶ ಶಿಷ್ಯನ ಬದುಕನ್ನು ಹೇಗೆ ಮುರಿಯಬಲ್ಲದು ಎಂಬ ಈ ಪ್ರಶ್ನೆಯಲ್ಲಿ ವಿಷವಿಲ್ಲವೆನ್ನಲಾಗದು. ಆದರೆ ಚಿತ್ರವು ಅದೇ ಗುರುವನ್ನು ಅಶ್ವಥ್ ಅವರ ಅಭಿನಯದ ಮೂಲಕ ಎಷ್ಟು ಪ್ರೀತಿಪಾತ್ರನನ್ನಾಗಿ ಮಾಡುತ್ತದೆಂದರೆ, ಬೆಟ್ಟದ ತುದಿಯಲ್ಲಿ ನಡೆಯುವ ಕೊನೆಯ ದುರಂತದಲ್ಲಿ ಪ್ರಶ್ನೆಗಿಂತ ಕಣ್ಣೀರು ಮುಂದಾಗುತ್ತದೆ. ಗುರು, ಶಿಷ್ಯ, ಪ್ರೇಯಸಿ ಮೂವರೂ ಇಲ್ಲವಾದ ಮೇಲೆ ಉತ್ತರಿಸಬೇಕಾದವರು ಯಾರೂ ಉಳಿಯುವುದಿಲ್ಲ. ಸಮಾಜದ ಕಟ್ಟುಪಾಡಿನ ಮೇಲೆ ಬೀಳಬೇಕಾಗಿದ್ದ ನೋಟ ವಿಧಿಯ ಕಡೆಗೆ ತಿರುಗುತ್ತದೆ.

ಹೀಗೆ ನೋಡಿದರೆ ಲೇಖಕರ ಆಕ್ಷೇಪವೂ ನೋಡುಗರ ಮೆಚ್ಚುಗೆಯೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಚಿತ್ರವು ವಿಷವನ್ನು ಪೂರ್ತಿ ಕಳೆದುಕೊಂಡಿಲ್ಲ. ಅದನ್ನು ಮಮತೆಯಲ್ಲಿ ಕಲಸಿ ಕೊಟ್ಟಿದೆ. ಅದು ಗಳಿಸಿದ್ದು ಜನರ ನೆನಪು. ತೆತ್ತದ್ದು ಪ್ರಶ್ನೆಯ ಹರಿತ. ‘ಚಿತ್ರವನ್ನು ಚಿತ್ರವಾಗಿಯೇ ನೋಡಿ’ ಎನ್ನುವವರು ಗಳಿಕೆಯನ್ನಷ್ಟೇ ಕಾಣುತ್ತಾರೆ. ‘ಪುಸ್ತಕದಂತಿಲ್ಲ’ ಎನ್ನುವವರು ತೆತ್ತದ್ದನ್ನಷ್ಟೇ ಲೆಕ್ಕ ಹಾಕುತ್ತಾರೆ.

4. ಒಂದು ಕಾದಂಬರಿ, ಎರಡು ಚಿತ್ರಗಳು

ತ.ರಾ.ಸು. ಅವರ ಮತ್ತೊಂದು ಕಾದಂಬರಿ ‘ಹಂಸಗೀತೆ’ಯ ಪ್ರಸಂಗ ಈ ಚರ್ಚೆಯನ್ನು ಮತ್ತಷ್ಟು ಸ್ಪಷ್ಟಗೊಳಿಸುತ್ತದೆ. ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರನ ಬದುಕನ್ನು ಕುರಿತ ಈ ಕೃತಿ ಎರಡು ಬಾರಿ ಚಿತ್ರವಾಯಿತು: 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಎಂದು, 1975ರಲ್ಲಿ ಕನ್ನಡದಲ್ಲಿ ಜಿ.ವಿ. ಅಯ್ಯರ್ ಅವರ ನಿರ್ದೇಶನದಲ್ಲಿ ‘ಹಂಸಗೀತೆ’ ಎಂದೇ.

‘ಬಸಂತ್ ಬಹಾರ್’ ಕಥೆಯನ್ನು ಚಿತ್ರದುರ್ಗದ ನೆಲದಿಂದ ಎತ್ತಿ ಉತ್ತರ ಭಾರತದ ದರಬಾರಿನ ಪರಿಸರದಲ್ಲಿ ಇರಿಸಿತು. ಕರ್ನಾಟಕ ಸಂಗೀತದ ಜಾಗದಲ್ಲಿ ಹಿಂದೂಸ್ತಾನಿ ಸಂಗೀತ ಬಂದಿತು. ಶಂಕರ್-ಜೈಕಿಶನ್ ಅವರ ಸಂಗೀತ, ಭೀಮಸೇನ ಜೋಶಿ ಹಾಗೂ ಮನ್ನಾ ಡೇ ಅವರು ಸೇರಿ ಹಾಡಿದ ಹಾಡು ಇವುಗಳಿಂದ ಅದು ನೆನಪಿನಲ್ಲಿ ಉಳಿದಿದೆ. ಈ ಚಿತ್ರ ಎಷ್ಟು ಸ್ವತಂತ್ರವಾಗಿ ನಿಂತಿತೆಂದರೆ, ಅದರ ಬೇರು ಕನ್ನಡ ಕಾದಂಬರಿಯೊಂದರಲ್ಲಿದೆ ಎಂಬುದು ಅದನ್ನು ಮೆಚ್ಚಿದ ಬಹುಮಂದಿಗೆ ತಿಳಿಯದ ಸಂಗತಿಯಾಗಿದೆ. ಸ್ವಾಯತ್ತತೆ ತನ್ನ ತುದಿಯನ್ನು ಮುಟ್ಟಿದಾಗ ಮೂಲದ ವಿಸ್ಮೃತಿಯಾಗಿ ಪರಿಣಮಿಸಬಹುದೆಂಬುದಕ್ಕೆ ಇದು ನಿದರ್ಶನ.

ಜಿ.ವಿ. ಅಯ್ಯರ್ ಅವರ ಚಿತ್ರವು ನಾಡು, ನುಡಿ, ಸಂಗೀತಪದ್ಧತಿಗಳನ್ನು ಮರಳಿ ಅವುಗಳ ನೆಲೆಗೆ ತಂದಿತು. ಅನಂತನಾಗ್ ಅವರ ಅಭಿನಯಕ್ಕೆ ಎಂ. ಬಾಲಮುರಳಿಕೃಷ್ಣ ಅವರ ಕಂಠ ದೊರೆಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾದಂಬರಿಕಾರ ಸಂಗೀತವನ್ನು ವರ್ಣಿಸಬಲ್ಲನೇ ಹೊರತು ಕೇಳಿಸಲಾರ. ಗಾಯಕನ ಶ್ರೇಷ್ಠತೆಯನ್ನು ಓದುಗ ಲೇಖಕನ ಮಾತಿನ ಮೇಲೆ ನಂಬಬೇಕು. ಚಿತ್ರವು ಆ ಸಂಗೀತವನ್ನು ನಿಜವಾಗಿಯೇ ಕೇಳಿಸುತ್ತದೆ. ಅಂದರೆ ರೂಪಾಂತರ ಎಂದರೆ ಸದಾ ನಷ್ಟದ ವ್ಯವಹಾರವಲ್ಲ. ಮೂಲವು ತನ್ನ ಮಾಧ್ಯಮದ ಮಿತಿಯಿಂದಾಗಿ ಓದುಗನ ಕಲ್ಪನೆಗೆ ಬಿಟ್ಟದ್ದನ್ನು ಚಿತ್ರ ಪೂರೈಸಲೂಬಹುದು. ಆದರೆ ಪ್ರತಿಯೊಬ್ಬ ಓದುಗನೂ ತನ್ನೊಳಗೆ ಕೇಳಿಸಿಕೊಂಡಿದ್ದ ಭೈರವಿ ಬೇರೆ ಬೇರೆಯಾಗಿತ್ತು. ಚಿತ್ರ ಬಂದ ಮೇಲೆ ಅದು ಒಂದೇ ಕಂಠವಾಯಿತು. ಪೂರೈಕೆಯ ಜೊತೆಗೇ ಬರುವ ಈ ಸಂಕೋಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ದೊಡ್ಡ ಬದಲಾವಣೆ, ಸಮರ್ಥ ಬದಲಾವಣೆ

ಬದಲಾವಣೆಯ ಪ್ರಮಾಣಕ್ಕೂ ಋಣದ ಪಾಲನೆಗೂ ನೇರ ಸಂಬಂಧವಿಲ್ಲ ಎಂಬುದನ್ನು ಗಿರೀಶ ಕಾಸರವಳ್ಳಿ ಅವರ ಚಿತ್ರಗಳು ತೋರಿಸಿಕೊಡುತ್ತವೆ. 1977ರ ‘ಘಟಶ್ರಾದ್ಧ’ದಲ್ಲಿ ಅವರು ಅನಂತಮೂರ್ತಿಯವರ ಕಥೆಗೆ ಬಹಳ ಹತ್ತಿರದಲ್ಲಿ ನಡೆದರು. ಬಾಲಕ ನಾಣಿಯ ಅನುಭವದ ಮೂಲಕ ಯಮುನಕ್ಕನ ದುರಂತವನ್ನು ಕಾಣಿಸುವ ಕಥೆಯ ನೆಲೆಯನ್ನೇ ಕ್ಯಾಮೆರಾದ ನೆಲೆಯನ್ನಾಗಿ ಮಾಡಿಕೊಂಡರು. ಇದಕ್ಕೆ ತೀರ ವಿರುದ್ಧವಾದ ದಾರಿ 2008ರ ‘ಗುಲಾಬಿ ಟಾಕೀಸ್’ ಚಿತ್ರದ್ದು.

ವೈದೇಹಿಯವರ ಕಥೆ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಊರಿಗೆ ಬಂದ ಟಾಕೀಸು ಹೆಂಗಸರ ಬದುಕಿನಲ್ಲಿ ಎಬ್ಬಿಸುವ ಅಲೆಗಳನ್ನು ಕುರಿತದ್ದು. ಕಾಸರವಳ್ಳಿಯವರು ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾ ಸಹಿತವಾದ ಟೀವಿಯನ್ನು ತಂದರು. ಕಾಲವನ್ನು ಕಾರ್ಗಿಲ್ ಯುದ್ಧದ ಆಸುಪಾಸಿಗೆ ಸರಿಸಿದರು. ಗುಲಾಬಿಯನ್ನು ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿಯನ್ನಾಗಿ ಮಾಡಿದರು. ಕಥೆಯ ಘಟನೆಗಳನ್ನು ಒಂದೊಂದಾಗಿ ಹುಡುಕುವವರಿಗೆ ಇಲ್ಲಿ ಸಿಗುವುದು ಕಡಿಮೆ. ಆದರೂ ಈ ಚಿತ್ರವು ಕಥೆಗೆ ದ್ರೋಹ ಬಗೆದಿದೆ ಎನ್ನುವುದು ಕಷ್ಟ. ಹೆಂಗಸರು ಮನೆಯಿಂದ ಹೊರಬಂದು ಒಟ್ಟಿಗೆ ಕುಳಿತು ಬೇರೊಂದು ಲೋಕವನ್ನು ನೋಡುವ ಜಾಗ ಯಾವುದು, ಆ ಜಾಗ ಎಷ್ಟು ಕಾಲ ಉಳಿಯುತ್ತದೆ ಎಂಬ ಕಥೆಯ ಪ್ರಶ್ನೆಯನ್ನು ಚಿತ್ರ ಬಿಟ್ಟಿಲ್ಲ. ಟಾಕೀಸಿನ ಕಾಲ ಮುಗಿದ ಮೇಲೆ ಅದೇ ಪ್ರಶ್ನೆಯನ್ನು ಟೀವಿಯ ಕಾಲದಲ್ಲಿ ಕೇಳಿದೆ. ಕೋಮು ಸಂಶಯವೂ ಮೀನುಗಾರಿಕೆಯ ಹಣದ ಪೈಪೋಟಿಯೂ ಸೇರಿ ಗುಲಾಬಿಯನ್ನು ಅವಳ ಮನೆಯಿಂದಲೇ ಹೊರಹಾಕುವಾಗ, ಕಥೆಯ ಸಣ್ಣ ಅಲೆಗಳು ಚಿತ್ರದಲ್ಲಿ ದೊಡ್ಡ ಅಲೆಗಳಾಗಿರುತ್ತವೆ. ಈ ಪಾತ್ರಕ್ಕಾಗಿ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಸಂದಿತು.

2006ರ ‘ನಾಯಿ ನೆರಳು’ ಇವೆರಡರ ನಡುವಿನ, ಹೆಚ್ಚು ವಿವಾದಾಸ್ಪದವಾದ ನಿದರ್ಶನ. 1968ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪ ಅವರ ಕಾದಂಬರಿಯಲ್ಲಿ ಪುನರ್ಜನ್ಮದ ಸಮಸ್ಯೆ ಕೇಂದ್ರದಲ್ಲಿದೆ. ಸತ್ತ ಗಂಡನೇ ಮರಳಿ ಹುಟ್ಟಿಬಂದಿದ್ದಾನೆಂಬ ನಂಬಿಕೆಯಿಂದ ಉಂಟಾಗುವ ಪರಿಸ್ಥಿತಿಯನ್ನು ಚಿತ್ರವು ವೆಂಕುವಿನ, ಅಂದರೆ ವಿಧವೆಯಾದ ಸೊಸೆಯ, ನೆಲೆಯಿಂದ ನೋಡುತ್ತದೆ. ಪುನರ್ಜನ್ಮ ನಿಜವೋ ಸುಳ್ಳೋ ಎಂಬುದಕ್ಕಿಂತ, ಆ ನಂಬಿಕೆಯು ಹೆಣ್ಣೊಬ್ಬಳಿಗೆ ತೆರೆದ ಬಾಗಿಲು ಯಾವುದು, ಮುಚ್ಚಿದ ಬಾಗಿಲು ಯಾವುದು ಎಂಬುದು ಚಿತ್ರಕ್ಕೆ ಮುಖ್ಯವಾಗುತ್ತದೆ. ಪಾತ್ರಗಳೂ ಕಥೆಯ ಚೌಕಟ್ಟೂ ಬಹುಮಟ್ಟಿಗೆ ಉಳಿದು ಪ್ರಶ್ನೆ ಬದಲಾಗಿದೆ. ಕಾದಂಬರಿಯ ತಾತ್ವಿಕ ಆಸಕ್ತಿಯನ್ನು ಮೆಚ್ಚಿದವರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಚಿತ್ರವು ಒಂದು ಗಂಭೀರ ಪ್ರಶ್ನೆಯನ್ನು ಕೈಬಿಟ್ಟು ಖಾಲಿ ಕೈಯಲ್ಲಿ ನಿಂತಿಲ್ಲ. ಅಷ್ಟೇ ಗಂಭೀರವಾದ ಮತ್ತೊಂದನ್ನು, ಅದೇ ಕಾದಂಬರಿಯ ಒಳಗಿನಿಂದಲೇ ಎತ್ತಿಕೊಂಡಿದೆ. ಇದನ್ನು ಮೂಲದೊಡನೆ ನಡೆಸಿದ ವಾಗ್ವಾದವೆಂದು ಕರೆಯುವುದು ಸೂಕ್ತ. ವಾಗ್ವಾದವೂ ಋಣವನ್ನು ಒಪ್ಪಿಕೊಳ್ಳುವ ಒಂದು ಬಗೆ.

ಈ ನಿದರ್ಶನಗಳಿಂದ ಮೂರು ಅಳತೆಗಳನ್ನು ಮುಂದಿಡಬಹುದು. ಮೊದಲನೆಯದು ಗ್ರಹಿಕೆಯದು: ಕೃತಿಯನ್ನು ಓದದ ನೋಡುಗನಿಗೆ ಚಿತ್ರ ತನ್ನಷ್ಟಕ್ಕೆ ಅರ್ಥವಾಗಬೇಕು. ಎರಡನೆಯದು ಕಾರಣದ್ದು: ಮಾಡಿದ ಪ್ರತಿಯೊಂದು ಮುಖ್ಯ ಬದಲಾವಣೆಗೂ ಚಿತ್ರದ ಒಳಗೇ ಸಮರ್ಥನೆ ಸಿಗಬೇಕು, ಮಾರುಕಟ್ಟೆಯ ಅಗತ್ಯ ಅಂಥ ಸಮರ್ಥನೆಯಾಗದು. ಮೂರನೆಯದು ಪ್ರಶ್ನೆಯದು: ಕೃತಿ ಎತ್ತಿದ ಪ್ರಶ್ನೆಯನ್ನು ಚಿತ್ರ ಮುಂದುವರಿಸಬೇಕು, ಇಲ್ಲವೆ ಅದಕ್ಕೆ ಸಮನಾದ ಪ್ರಶ್ನೆಯಿಂದ ಎದುರಿಸಬೇಕು. ‘ಗುಲಾಬಿ ಟಾಕೀಸ್’ ಮೂರನ್ನೂ ಪೂರೈಸುತ್ತದೆ. ‘ನಾಯಿ ನೆರಳು’ ಮೂರನೆಯದನ್ನು ವಾಗ್ವಾದದ ಮೂಲಕ ಪೂರೈಸುತ್ತದೆ. ‘ನಾಗರಹಾವು’ ಮೊದಲೆರಡರಲ್ಲಿ ಗಟ್ಟಿಯಾಗಿ ನಿಂತು ಮೂರನೆಯದರಲ್ಲಿ ಸಡಿಲಗೊಳ್ಳುತ್ತದೆ.

6. ಲೇಖಕನ ಮಾತಿನ ತೂಕ

ಲೇಖಕನ ಒಪ್ಪಿಗೆಯನ್ನೇ ಅಂತಿಮ ಅಳತೆಯನ್ನಾಗಿ ಏಕೆ ಇಟ್ಟುಕೊಳ್ಳಬಾರದು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ತ್ರಿವೇಣಿಯವರ ಉದಾಹರಣೆಯಲ್ಲಿದೆ. ಅವರು 1963ರಲ್ಲಿಯೇ ತೀರಿಕೊಂಡರು. ಅವರ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ಪುಟ್ಟಣ್ಣನವರ ನಿರ್ದೇಶನದಲ್ಲಿಯೇ ಚಿತ್ರಗಳಾದವು. ಆ ಚಿತ್ರಗಳನ್ನು ಮೆಚ್ಚಲೂ ಆಕ್ಷೇಪಿಸಲೂ ಲೇಖಕಿ ಇರಲಿಲ್ಲ. ಲೇಖಕನ ಮಾತನ್ನೇ ಅಳತೆಯಾಗಿಸಿದರೆ ಇಂಥ ಕೃತಿಗಳ ಪರವಾಗಿ ಮಾತನಾಡುವವರೇ ಇಲ್ಲದಂತಾಗುತ್ತದೆ. ಆ ಹೊಣೆ ಬೀಳುವುದು ಓದುಗ ಮತ್ತು ವಿಮರ್ಶಕರ ಮೇಲೆ.

ಕಾನೂನೂ ಈ ವಿಷಯದಲ್ಲಿ ಒಂದು ನೆಲೆಯನ್ನು ಗುರುತಿಸಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಕಲಮು, ಹಕ್ಕುಗಳನ್ನು ಮಾರಿದ ನಂತರವೂ ತನ್ನ ಕೃತಿಯ ವಿರೂಪವನ್ನು ತಡೆಯುವ ವಿಶೇಷ ಅಧಿಕಾರವನ್ನು ಲೇಖಕನಿಗೆ ಉಳಿಸಿದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ಅವರು ತಮ್ಮ ‘ಆಪ್ ಕಾ ಬಂಟೀ’ ಕಾದಂಬರಿಯ ಚಿತ್ರರೂಪದ ವಿರುದ್ಧ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ 1986ರಲ್ಲಿ ಈ ಕಲಮು ಚಲನಚಿತ್ರಗಳಿಗೂ ಅನ್ವಯಿಸುತ್ತದೆಂದು ಎತ್ತಿಹಿಡಿಯಿತು. ಮಾಧ್ಯಮಕ್ಕೆ ಅಗತ್ಯವಾದ ಬದಲಾವಣೆಗಳಿಗೆ ಅವಕಾಶವಿದೆ, ಕೃತಿಯನ್ನು ಗುರುತು ಸಿಗದಂತೆ ವಿರೂಪಗೊಳಿಸುವುದಕ್ಕೆ ಇಲ್ಲ ಎಂಬುದು ಆ ತೀರ್ಪಿನ ಆಶಯ. ಆದರೆ ವಿರೂಪವಲ್ಲದ ಬದಲಾವಣೆಯಲ್ಲಿಯೂ ಪ್ರಶ್ನೆ ಮೊಂಡಾಗಬಹುದು. ಅದನ್ನು ತೂಗಬೇಕಾದದ್ದು ವಿಮರ್ಶೆ. ನ್ಯಾಯಾಲಯದ ತಕ್ಕಡಿ ಅಷ್ಟು ನಾಜೂಕಾದದ್ದಲ್ಲ.

7. ನೋಡುಗ ಮತ್ತು ತರಗತಿ

ಈ ಚರ್ಚೆ ಇಂದು ತೀವ್ರವಾಗಿರುವುದಕ್ಕೆ ಓದಿನ ಸಂದರ್ಭ ಬದಲಾಗಿರುವುದೇ ಕಾರಣ. ‘ನಾಗರಹಾವು’ ಬಂದ ಕಾಲದಲ್ಲಿ ತ.ರಾ.ಸು. ಮನೆಮನೆಯಲ್ಲಿ ಓದಲಾಗುತ್ತಿದ್ದ ಲೇಖಕರು. ಇಂದಿನ ಸ್ಥಿತಿ ಬೇರೆ. ಬೆಂಗಳೂರಿನ ಪೂರ್ವಭಾಗದ ಕಗ್ಗದಾಸಪುರ, ಸಿ.ವಿ. ರಾಮನ್ ನಗರ, ಕೃಷ್ಣರಾಜಪುರದಂತಹ ಬಡಾವಣೆಗಳಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಕೇಳಿಸುತ್ತವೆ. ಅಂಥ ಬೀದಿಯಲ್ಲಿ ಬೆಳೆಯುವ ಮಗುವಿಗೆ, ಅದು ಕನ್ನಡದ ಮನೆಯದೇ ಆಗಿರಲಿ, ಕಾದಂಬರಿ ದೊರೆಯುವ ಮೊದಲು ಚಿತ್ರ ದೊರೆಯುತ್ತದೆ. ಅದೂ ಮೊಬೈಲಿನ ತೆರೆಯ ಮೇಲೆ. ನೆರೆಮನೆಯ ಅನ್ಯಭಾಷಿಕನಿಗೆ ಉಪಶೀರ್ಷಿಕೆಗಳ ಮೂಲಕ ತಲುಪುವ ಚಿತ್ರವೇ ಕನ್ನಡ ಸಾಹಿತ್ಯದ ಏಕೈಕ ಪರಿಚಯವಾಗಿರಬಹುದು. ಇಂಥ ನೋಡುಗನ ಮುಂದೆ ‘ಪುಸ್ತಕ ಓದಿದ್ದರೆ ಅರ್ಥವಾಗುತ್ತಿತ್ತು’ ಎಂದು ಹೇಳುವ ಚಿತ್ರಕ್ಕೆ ಬೆಲೆಯಿಲ್ಲ. ಅದೇ ಕಾರಣಕ್ಕೆ ಚಿತ್ರದ ಹೊಣೆಯೂ ಹೆಚ್ಚುತ್ತದೆ: ಪುಸ್ತಕವನ್ನು ಎಂದೂ ತೆರೆಯದವನ ಪಾಲಿಗೆ ಚಿತ್ರವೇ ಕೃತಿಯ ವಾರಸುದಾರ.

ಚಿತ್ರವು ಓದಿಗೆ ಅಡ್ಡಿಯೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ತೇಜಸ್ವಿಯವರ ಕಥೆಯನ್ನು ಆಧರಿಸಿ ಶಶಾ೦ಕ್ ಸೋಗಾಲ್ ನಿರ್ದೇಶಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ತೆರೆಗೆ ಬಂದದ್ದು ತೇಜಸ್ವಿಯವರ ಓದುಗರೇ ಕೂಡಿಸಿಕೊಟ್ಟ ಹಣದಿಂದ. ಅಲ್ಲಿ ಓದುಗರೇ ಚಿತ್ರವನ್ನು ಹುಟ್ಟಿಸಿದರು. ಸಣ್ಣಕಥೆಯೊಂದನ್ನು ಪೂರ್ಣಪ್ರಮಾಣದ ಚಿತ್ರವಾಗಿಸುವಾಗ ಹಿಗ್ಗಿಸುವುದು ಅನಿವಾರ್ಯ. ರನ್ನನಿಗೆ ಒದಗಿದ್ದೂ ಇದೇ ಬಗೆಯ ಕೆಲಸ.

ಅಧ್ಯಾಪಕರ ಮುಂದಿರುವ ಸಮಸ್ಯೆ ಹೆಚ್ಚು ನಿರ್ದಿಷ್ಟವಾದದ್ದು. ಪಠ್ಯವಾಗಿರುವ ಕಾದಂಬರಿಯ ಬದಲು ಚಿತ್ರವನ್ನು ನೋಡಿ ಪರೀಕ್ಷೆಗೆ ಬರುವ ವಿದ್ಯಾರ್ಥಿ ಚಿತ್ರದ ಅಂತ್ಯವನ್ನು ಕಾದಂಬರಿಯ ಅಂತ್ಯವೆಂದು ಬರೆಯುತ್ತಾನೆ. ಇದಕ್ಕೆ ಎರಡು ಸುಲಭ ಪರಿಹಾರಗಳು ರೂಢಿಯಲ್ಲಿವೆ: ಚಿತ್ರವನ್ನು ತರಗತಿಯಿಂದ ದೂರವಿಡುವುದು, ಇಲ್ಲವೆ ಚಿತ್ರವನ್ನು ಕಾದಂಬರಿಯ ಸಾರಾಂಶದಂತೆ ತೋರಿಸುವುದು. ಮೊದಲನೆಯದು ಈಗ ಅಸಾಧ್ಯ. ಎರಡನೆಯದು ಎರಡೂ ಕೃತಿಗಳಿಗೆ ಅಪಚಾರ. ವ್ಯತ್ಯಾಸವನ್ನೇ ಪಾಠವಾಗಿಸುವುದು ಮೂರನೆಯ ದಾರಿ. ಕಾದಂಬರಿಯ ಒಂದು ಅಧ್ಯಾಯವನ್ನೂ ಅದಕ್ಕೆ ಸಂವಾದಿಯಾದ ಚಿತ್ರಭಾಗವನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಬಿಟ್ಟದ್ದೇನು, ಸೇರಿಸಿದ್ದೇನು ಎಂದು ಪಟ್ಟಿ ಮಾಡಿಸಿ, ಅಷ್ಟಕ್ಕೇ ನಿಲ್ಲದೆ ಏಕೆ ಎಂದು ಕೇಳಿದರೆ, ವಿದ್ಯಾರ್ಥಿ ಕಾದಂಬರಿಗೆ ಹಿಂತಿರುಗದೆ ವಿಧಿಯಿಲ್ಲ. ಪಂಪ-ರನ್ನರನ್ನು ಹೀಗೆ ತುಲನೆ ಮಾಡಿ ಕಲಿಸುವ ಕ್ರಮ ಕನ್ನಡ ವಿಭಾಗಗಳಿಗೆ ಹೊಸದಲ್ಲ. ಆ ಕ್ರಮವನ್ನು ತ.ರಾ.ಸು.-ಪುಟ್ಟಣ್ಣರಿಗೂ ವೈದೇಹಿ-ಕಾಸರವಳ್ಳಿಯವರಿಗೂ ವಿಸ್ತರಿಸಬೇಕಾಗಿದೆ.

8. ಉಪಸಂಹಾರ

ಪುಸ್ತಕದಿಂದ ಬಂದ ಚಿತ್ರ ತನ್ನ ಕಾಲ ಮೇಲೆ ನಿಲ್ಲಬೇಕೆ ಎಂಬ ಪ್ರಶ್ನೆಗೆ ಉತ್ತರ ಹೌದು ಎಂಬುದೇ. ನಿಲ್ಲಲಾರದ ಚಿತ್ರ ಚಿತ್ರವೇ ಅಲ್ಲ. ಪುಸ್ತಕಕ್ಕೆ ಬರೆದ ಸಚಿತ್ರ ಟಿಪ್ಪಣಿ ಮಾತ್ರ. ಆದರೆ ನಿಲ್ಲುವುದು ಆರಂಭದ ಅರ್ಹತೆ, ಅಂತಿಮ ಮೌಲ್ಯವಲ್ಲ. ಸ್ವತಂತ್ರವಾಗಿ ನಿಂತ ಚಿತ್ರವು ತಾನು ಯಾವ ಪ್ರಶ್ನೆಯಿಂದ ಹುಟ್ಟಿತೋ ಆ ಪ್ರಶ್ನೆಯನ್ನು ಏನು ಮಾಡಿತು ಎಂದು ಕೇಳುವ ಹಕ್ಕು ಓದುಗನಿಗೆ ಉಳಿದೇ ಇರುತ್ತದೆ. ತ.ರಾ.ಸು. ಕೇಳಿದ್ದೂ ಅದನ್ನೇ. ‘ನಾಗರಹಾವು’ ಚಿತ್ರದ ಯಶಸ್ಸು ಆ ಪ್ರಶ್ನೆಯನ್ನು ಉತ್ತರಿಸಲಿಲ್ಲ, ಮರೆಸಿತು. ಚಿತ್ರವನ್ನು ಮೆಚ್ಚುತ್ತಲೇ ಲೇಖಕರ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದು, ಮತ್ತು ಅದಕ್ಕಾಗಿ ಆ ಮೂರು ಕಾದಂಬರಿಗಳನ್ನು ಮತ್ತೆ ಓದುವುದು, ಕನ್ನಡ ವಿಮರ್ಶೆಯ ಮುಂದೆ ಉಳಿದಿರುವ ಕೆಲಸ.